ನೌಕರ ಹೊರದೇಶದಲ್ಲಿ, ಲೆಕ್ಕದ ಪುಸ್ತಕ ಊರಲ್ಲಿ: ಓದುಗರ ಪ್ರಶ್ನೆಗಳಿಗೆ ಉತ್ತರ

ಭಟ್ಕಳದಿಂದ ಕಾರವಾರದವರೆಗೆ, ಜೊತೆಗೆ ಘಟ್ಟದ ಮೇಲಿನ ಶಿರಸಿಯಿಂದಲೂ ಈ ಸಲ ಬಂದ ಪತ್ರಗಳಲ್ಲಿ ಒಂದೇ ಬಗೆಯ ತೊಡಕಿದೆ: ಮಾಲೀಕರು ಊರಲ್ಲಿದ್ದಾರೆ, ಕೆಲಸದವರು ಹೊರದೇಶದಲ್ಲಿ. ಎಲ್ಲರಿಗೂ ಅನ್ವಯಿಸುವ ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇವೆ. ಸಹಿ ಎಲ್ಲಿ ಬಿತ್ತು, ಹಣ ಯಾವ ಬ್ಯಾಂಕಿನಿಂದ ಹೋಯಿತು ಎನ್ನುವುದಕ್ಕಿಂತ ನೌಕರ ಯಾವ ನೆಲದಲ್ಲಿ ನಿಂತು ದುಡಿಯುತ್ತಾನೆ ಎನ್ನುವುದೇ ಮುಖ್ಯ. ರಜೆ, ಕನಿಷ್ಠ ಸಂಬಳ, ಕೆಲಸದಿಂದ ತೆಗೆಯುವ ಕ್ರಮ ಎಲ್ಲವೂ ಆ ನೆಲದ ಕಾನೂನಿನಂತೆಯೇ ನಡೆಯುತ್ತವೆ. 'ಭಾರತದ ಕಾನೂನು ಅನ್ವಯ' ಎಂದು ಒಪ್ಪಂದದಲ್ಲಿ ಬರೆದುಕೊಂಡ ಮಾತ್ರಕ್ಕೆ ಅಲ್ಲಿನ ನೌಕರನ ಹಕ್ಕು ಕರಗಿಹೋಗುವುದಿಲ್ಲ.

ಪ್ರಶ್ನೆ: ದುಬೈನ ದೇರಾದಲ್ಲಿ ನಮ್ಮ ಕುಟುಂಬದ ಬಟ್ಟೆ ಅಂಗಡಿ ಇದೆ. ಊರಿನ ಇಬ್ಬರು ಹುಡುಗರನ್ನು ಕರೆಸಿಕೊಳ್ಳಬೇಕು. ಒಬ್ಬ ಎಸ್ಸೆಸ್ಸೆಲ್ಸಿ ಪಾಸಾಗಿಲ್ಲ. ತಿಂಗಳಿಗೆ 2,500 ದಿರ್ಹಮ್ ಕೊಡುವ ಯೋಚನೆ. ವೀಸಾ ಖರ್ಚನ್ನು ಸಂಬಳದಲ್ಲಿ ಮುರಿದುಕೊಳ್ಳಬಹುದೇ? ಅರ್ಧ ಸಂಬಳವನ್ನು ಊರಲ್ಲೇ ಮನೆಯವರ ಕೈಗೆ ಕೊಟ್ಟರೆ ನಡೆಯುತ್ತದೆಯೇ? ಗ್ರ್ಯಾಚುಯಿಟಿ ಎಷ್ಟು ಬರುತ್ತದೆ? – ಓದುಗರು, ಭಟ್ಕಳ

ಉತ್ತರ: ವೀಸಾ ಖರ್ಚು ಮುರಿದುಕೊಳ್ಳುವಂತಿಲ್ಲ. 2022ರ ಫೆಬ್ರುವರಿ 2ರಿಂದ ಜಾರಿಯಲ್ಲಿರುವ ಅಲ್ಲಿನ ಕಾರ್ಮಿಕ ಕಾನೂನು (2021ರ 33ನೇ ಸಂಖ್ಯೆಯದು) ಪ್ರಕಾರ ನೇಮಕಾತಿಯ ಖರ್ಚೆಲ್ಲ ಮಾಲೀಕರದ್ದು. ನೇರವಾಗಿಯೂ ಬೇಡ, ಬಳಸಿಯೂ ಬೇಡ.

ಎಸ್ಸೆಸ್ಸೆಲ್ಸಿ ಆಗದ ಹುಡುಗನ ವಿಷಯಕ್ಕೆ ಬನ್ನಿ. ಅವನ ಪಾಸ್‌ಪೋರ್ಟ್ ಇಸಿಆರ್ ವರ್ಗಕ್ಕೆ, ಅಂದರೆ ಕೆಲವು ದೇಶಗಳಿಗೆ ದುಡಿಯಲು ಹೋಗುವ ಮೊದಲು ನಮ್ಮ ಸರ್ಕಾರದ ಅನುಮತಿ ಬೇಕಾದ ವರ್ಗಕ್ಕೆ ಸೇರುತ್ತದೆ, ಯುಎಇ ಆ ದೇಶಗಳ ಪಟ್ಟಿಯಲ್ಲಿದೆ. ಇ-ಮೈಗ್ರೇಟ್ ಎಂಬ ಸರ್ಕಾರಿ ಜಾಲತಾಣದ ಮೂಲಕ ಆ ಅನುಮತಿ (ಎಮಿಗ್ರೇಷನ್ ಕ್ಲಿಯರೆನ್ಸ್) ಪಡೆಯದೆ ಅವನು ಕೆಲಸದ ವೀಸಾದ ಮೇಲೆ ವಿಮಾನ ಹತ್ತುವಂತಿಲ್ಲ. ಪ್ರವಾಸಿ ಭಾರತೀಯ ಬಿಮಾ ಯೋಜನೆಯ ವಿಮೆಯೂ ಬೇಕು. ಪ್ರೀಮಿಯಂ 2 ವರ್ಷಕ್ಕೆ 275 ರೂಪಾಯಿ, 3 ವರ್ಷಕ್ಕೆ 375. ಅಪಘಾತದಲ್ಲಿ ಸಾವು ಅಥವಾ ಶಾಶ್ವತ ಅಂಗವೈಕಲ್ಯವಾದರೆ 10 ಲಕ್ಷದ ರಕ್ಷಣೆ. ನಡುವೆ ಏಜೆಂಟ್ ಇದ್ದರೆ ಅವನು ನೋಂದಾಯಿತನಾಗಿರಬೇಕು. ಹುಡುಗನಿಂದ ಅವನು ಪಡೆಯಬಹುದಾದ ಸೇವಾಶುಲ್ಕ ಹೆಚ್ಚೆಂದರೆ 30,000 ರೂಪಾಯಿ ಮತ್ತು ಅದರ ಜಿಎಸ್‌ಟಿ. 'ಮೊದಲು ವಿಸಿಟ್ ವೀಸಾದಲ್ಲಿ ಬರಲಿ, ಆಮೇಲೆ ನೋಡೋಣ' ಎಂಬ ಹಳೆಯ ರೂಢಿಯನ್ನು ದಯವಿಟ್ಟು ಬಿಡಿ. ವರ್ಕ್ ಪರ್ಮಿಟ್ ಇಲ್ಲದೆ ದುಡಿಸಿದರೆ ಅಂಗಡಿಗೆ ಬೀಳುವ ದಂಡ 2024ರ ತಿದ್ದುಪಡಿಯ ನಂತರ 1 ಲಕ್ಷ ದಿರ್ಹಮ್‌ನಿಂದ 10 ಲಕ್ಷ ದಿರ್ಹಮ್‌ವರೆಗೆ.

ಕ್ರಮ ಹೀಗೆ ಸಾಗಬೇಕು. ಅಲ್ಲಿನ ಕಾರ್ಮಿಕ ಸಚಿವಾಲಯದ ನಮೂನೆಯಲ್ಲಿ ಆಫರ್ ಲೆಟರ್, ಅದಕ್ಕೆ ಹುಡುಗನ ಸಹಿ, ವರ್ಕ್ ಪರ್ಮಿಟ್ ಮಂಜೂರಾತಿ, ಎಂಟ್ರಿ ಪರ್ಮಿಟ್, ಅಲ್ಲಿಗೆ ಇಳಿದ ಮೇಲೆ ವೈದ್ಯಕೀಯ ಪರೀಕ್ಷೆ, ಎಮಿರೇಟ್ಸ್ ಐಡಿಗೆ ಬೆರಳಚ್ಚು, ಆರೋಗ್ಯ ವಿಮೆ, ಕೊನೆಗೆ ವಾಸದ ವೀಸಾ. ವಿಮೆಯ ಹಣವೂ ಮಾಲೀಕರದ್ದೇ. ಆಫರ್ ಲೆಟರ್ ಅರಬ್ಬಿ ಮತ್ತು ಇಂಗ್ಲಿಷಿನ ಜೊತೆಗೆ ಹಿಂದಿ, ಉರ್ದು, ಮಲಯಾಳದಲ್ಲೂ ಸಿಗುತ್ತದೆ, ಕನ್ನಡದಲ್ಲಿ ಇಲ್ಲ. ಹುಡುಗನನ್ನೂ ಅವನ ಮನೆಯವರನ್ನೂ ಕೂರಿಸಿ ಒಂದೊಂದು ಸಾಲನ್ನೂ ಓದಿ ಹೇಳಿ. ಆಫರ್ ಲೆಟರಿನಲ್ಲಿದ್ದ ಮೊತ್ತವೇ ನೋಂದಾಯಿತ ಒಪ್ಪಂದದಲ್ಲೂ ಇರಬೇಕು.

ಊರಲ್ಲಿ ಅರ್ಧ ಸಂಬಳ ಕೊಡುವ ಪದ್ಧತಿ ಕರಾವಳಿಯಲ್ಲಿ ಹಳೆಯದು, ನಂಬಿಕೆಯಿಂದ ನಡೆದು ಬಂದದ್ದು. ಆದರೆ ಯುಎಇಯಲ್ಲಿ ಸಂಬಳ ಡಬ್ಲ್ಯೂಪಿಎಸ್ ಎಂಬ ವೇತನ ರಕ್ಷಣಾ ವ್ಯವಸ್ಥೆಯ ಮೂಲಕ, ಅಂದರೆ ಬ್ಯಾಂಕ್ ಅಥವಾ ಎಕ್ಸ್‌ಚೇಂಜ್ ಹೌಸ್ ಮುಖಾಂತರ ಹೋಗಬೇಕು. ಒಪ್ಪಂದದಲ್ಲಿ 2,500 ಇದ್ದು ಅಲ್ಲಿ 1,250 ಮಾತ್ರ ಬಿದ್ದರೆ, ಉಳಿದದ್ದನ್ನು ಭಟ್ಕಳದಲ್ಲಿ ತಾಯಿಯ ಕೈಗೆ ಎಣಿಸಿ ಕೊಟ್ಟಿದ್ದರೂ ಕಡತದಲ್ಲಿ ಅದು ಕೊಡದ ಸಂಬಳ. ಬಾಕಿ ಮುಂದುವರಿದರೆ ಹೊಸ ವರ್ಕ್ ಪರ್ಮಿಟ್‌ಗಳು ನಿಲ್ಲುತ್ತವೆ. ಪೂರ್ತಿ ಹಣ ಹುಡುಗನ ಖಾತೆಗೇ ಹಾಕಿ, ಮನೆಗೆ ಅವನೇ ಕಳಿಸಲಿ. ಮುಂಗಡ ಕೊಟ್ಟಿದ್ದರೆ ಬರಹದಲ್ಲಿ ಒಪ್ಪಿಗೆ ಪಡೆದು, ಬಡ್ಡಿಯಿಲ್ಲದೆ ಹಿಡಿಯಬಹುದು. ಎಲ್ಲ ಕಡಿತ ಸೇರಿ ಸಂಬಳದ ಅರ್ಧ ದಾಟಬಾರದು.

ಗ್ರ್ಯಾಚುಯಿಟಿ ನಿಲ್ಲುವುದು ಮೂಲ ವೇತನದ ಮೇಲೆ, ಒಟ್ಟು ಸಂಬಳದ ಮೇಲಲ್ಲ. 2,500ರಲ್ಲಿ ಮೂಲ ವೇತನ 1,500, ಉಳಿದದ್ದು ಬಾಡಿಗೆ ಮತ್ತು ಓಡಾಟದ ಭತ್ಯೆ ಎಂದಿಟ್ಟುಕೊಳ್ಳಿ. ದಿನಕ್ಕೆ 1,500 ಭಾಗಿಸು 30, ಅಂದರೆ 50 ದಿರ್ಹಮ್. ಮೊದಲ 5 ವರ್ಷ ವರ್ಷಕ್ಕೆ 21 ದಿನದಂತೆ 1,050. ಐದು ವರ್ಷಕ್ಕೆ 5,250. ಆಮೇಲೆ ವರ್ಷಕ್ಕೆ 30 ದಿನ, ಅಂದರೆ 1,500. ಏಳು ವರ್ಷ ದುಡಿದವನಿಗೆ 8,250 ದಿರ್ಹಮ್. ಒಂದು ವರ್ಷ ತುಂಬದವನಿಗೆ ಇಲ್ಲ. ಸಂಬಳವಿಲ್ಲದೆ ರಜೆ ಇದ್ದ ದಿನಗಳು ಲೆಕ್ಕಕ್ಕೆ ಬರುವುದಿಲ್ಲ. ಇದನ್ನು ತಪ್ಪಿಸಲು ಮೂಲ ವೇತನವನ್ನು 800ಕ್ಕೆ ಇಳಿಸಿ ಉಳಿದದ್ದನ್ನು ಭತ್ಯೆ ಮಾಡುವವರಿದ್ದಾರೆ. ಹತ್ತು ವರ್ಷ ಅಂಗಡಿ ಕಾದ ಹುಡುಗ ಊರಿಗೆ ಹೊರಟಾಗ ಕೈಗೆ ಸಿಗುವುದು ಇದೊಂದೇ ಗಂಟು. ಮೂಲ ವೇತನವನ್ನು ಒಟ್ಟಿನ ಅರ್ಧಕ್ಕಿಂತ ಕೆಳಗೆ ಇಳಿಸಬೇಡಿ ಎನ್ನುವುದು ನಮ್ಮ ಗಟ್ಟಿ ಅಭಿಪ್ರಾಯ.

ಕೆಲಸ ದಿನಕ್ಕೆ 8 ಗಂಟೆ, ವಾರಕ್ಕೆ 48. ರಂಜಾನಿನಲ್ಲಿ ದಿನಕ್ಕೆ 2 ಗಂಟೆ ಕಡಿಮೆ. ಓವರ್‌ಟೈಮ್ ಕೂಡ ಮೂಲ ವೇತನದ ಮೇಲೆಯೇ. ಮೇಲಿನ ಲೆಕ್ಕದಲ್ಲಿ ಗಂಟೆಗೆ 6.25 ದಿರ್ಹಮ್, ಶೇ 25 ಸೇರಿ 7.81. ರಾತ್ರಿ 10ರಿಂದ ಬೆಳಗಿನ 4ರವರೆಗೆ ಶೇ 50 ಸೇರಿ 9.38. ಈದ್ ಹಿಂದಿನ ವಾರ ಮಧ್ಯರಾತ್ರಿವರೆಗೆ ಅಂಗಡಿ ತೆರೆದಿರುವವರು ಈ ಎರಡನೇ ಅಂಕಿಯನ್ನು ಮರೆಯುತ್ತಾರೆ. ವರ್ಷ ತುಂಬಿದವನಿಗೆ 30 ದಿನ ಸಂಬಳದ ರಜೆ.

ಮತ್ತೊಂದು, ನೀವು ಕೇಳದಿದ್ದರೂ ಹೇಳಬೇಕಾದದ್ದು. 'ಕಳೆದುಹೋಗಬಾರದು' ಎಂದು ಹುಡುಗರ ಪಾಸ್‌ಪೋರ್ಟನ್ನು ಗಲ್ಲಾಪೆಟ್ಟಿಗೆಯ ಕೆಳಗಿನ ಡ್ರಾಯರಿನಲ್ಲಿ ಇಟ್ಟುಕೊಳ್ಳುವುದು ಅಲ್ಲಿ ಕಾನೂನುಬಾಹಿರ. ಅವರವರ ಪಾಸ್‌ಪೋರ್ಟ್ ಅವರವರ ಬಳಿ ಇರಲಿ.

ಪ್ರಶ್ನೆ: ಶಿರಸಿಯಲ್ಲಿ 14 ಜನರ ಸಾಫ್ಟ್‌ವೇರ್ ಕಂಪನಿ ನಮ್ಮದು. ಜರ್ಮನಿಯ ಗ್ರಾಹಕರಿಗಾಗಿ ಅಲ್ಲೇ ಇರುವ ಒಬ್ಬ ಎಂಜಿನಿಯರ್ ಬೇಕು. ಅಲ್ಲಿ ಕಂಪನಿ ತೆರೆಯದೆ, ಕನ್ಸಲ್ಟೆಂಟ್ ಎಂದು ತೋರಿಸಿ ತಿಂಗಳಿಗೆ 4,000 ಯೂರೋ ಕಳಿಸಿದರೆ ಸಾಕಲ್ಲವೇ? – ಓದುಗರು, ಶಿರಸಿ

ಉತ್ತರ: ಸಾಲದು. ಆತ ದಿನವಿಡೀ ನಿಮ್ಮೊಬ್ಬರಿಗೇ ದುಡಿದು, ನಿಮ್ಮ ಲ್ಯಾಪ್‌ಟಾಪ್ ಬಳಸಿ, ರಜೆಗೆ ನಿಮ್ಮ ಅನುಮತಿ ಕೇಳುವವನಾದರೆ ಜರ್ಮನಿಯ ಕಣ್ಣಿಗೆ ಆತ ನೌಕರನೇ. ಹಾಗೆಂದು ತೀರ್ಮಾನವಾದ ದಿನ ಸಾಮಾಜಿಕ ವಿಮೆಯ ಹಿಂಬಾಕಿಯನ್ನು, ನಿಮ್ಮ ಪಾಲು ಮತ್ತು ಆತನ ಪಾಲು ಎರಡನ್ನೂ, ನೀವೇ ತುಂಬಬೇಕು. ಸಾಮಾನ್ಯವಾಗಿ 4 ವರ್ಷದ ಬಾಕಿ ಕೇಳಬಹುದು. ಬೇಕೆಂದೇ ತಪ್ಪಿಸಿದ್ದು ಎಂದಾದರೆ 30 ವರ್ಷದವರೆಗೆ. ಆತನ ಪಾಲನ್ನು ಆತನಿಂದಲೇ ವಸೂಲು ಮಾಡುತ್ತೇವೆ ಎನ್ನುವಂತೆಯೂ ಇಲ್ಲ. ಬಿಟ್ಟುಹೋದ ಕಡಿತವನ್ನು ಮುಂದಿನ 3 ಸಂಬಳದಲ್ಲಿ ಮಾತ್ರ ಹಿಡಿಯಲು ಅವಕಾಶ.

ಜರ್ಮನಿಯಲ್ಲಿ ಕಂಪನಿ ಇಲ್ಲದೆಯೂ ನೇರವಾಗಿ ನೇಮಿಸಿಕೊಳ್ಳಬಹುದು ಎನ್ನುವುದು ಬಹಳ ಜನರಿಗೆ ಗೊತ್ತಿಲ್ಲ. ಅಲ್ಲಿನ ಉದ್ಯೋಗ ಸಂಸ್ಥೆಯಿಂದ 'ಬೆಟ್ರೀಬ್ಸ್‌ನುಮ್ಮರ್' ಎಂಬ ಉದ್ಯೋಗದಾತರ ಸಂಖ್ಯೆ ಪಡೆಯಿರಿ. ನೌಕರ ಆರಿಸಿದ ಆರೋಗ್ಯ ವಿಮಾ ನಿಧಿಗೆ ಅವನನ್ನು ದಾಖಲಿಸಿ. ಪಿಂಚಣಿ, ನಿರುದ್ಯೋಗ, ಆರೈಕೆ ವಿಮೆಯ ಹಣವೂ ಆ ನಿಧಿಯ ಮೂಲಕವೇ ಹೋಗುತ್ತದೆ. ಅಪಘಾತ ವಿಮೆ ಮಾತ್ರ ಬೇರೆ, ಅದು ಪೂರ್ತಿ ಮಾಲೀಕರ ತಲೆಯ ಮೇಲೆ. ಪ್ರತಿ ತಿಂಗಳ ಕೊನೆಯಿಂದ ಮೂರನೇ ಬ್ಯಾಂಕ್ ಕೆಲಸದ ದಿನದೊಳಗೆ ಹಣ ಸೇರಿರಬೇಕು. ಇಲ್ಲಿನ ಪಿಎಫ್‌ನಂತೆ ಮುಂದಿನ ತಿಂಗಳ 15ರವರೆಗೆ ಕಾಯುವ ರೂಢಿಯಲ್ಲಿರುವವರು ಮೊದಲ ತಿಂಗಳಲ್ಲೇ ಎಡವುವುದು ಇಲ್ಲಿ. ಸ್ಥಳೀಯ ಸಂಬಳ ಲೆಕ್ಕಿಗರೊಬ್ಬರನ್ನು ಗೊತ್ತುಮಾಡಿಕೊಳ್ಳದೆ ಇದಕ್ಕೆ ಕೈಹಾಕಬೇಡಿ, ಕಾಗದಗಳೆಲ್ಲ ಜರ್ಮನ್ ಭಾಷೆಯಲ್ಲಿ ಬರುತ್ತವೆ.

ಖರ್ಚನ್ನು 4,000ಕ್ಕೆ ನಿಲ್ಲಿಸಬೇಡಿ. ಮಾಲೀಕರ ಪಾಲು ಸುಮಾರು ಶೇ 21 ಸೇರಿಸಿದರೆ ತಿಂಗಳಿಗೆ 4,840 ಯೂರೋ. ವಾರಕ್ಕೆ 5 ದಿನ ಕೆಲಸವಾದರೆ ಕನಿಷ್ಠ 20 ದಿನ ರಜೆ ಕಾನೂನಿನದ್ದು. ಕಾಯಿಲೆ ಬಿದ್ದರೆ 6 ವಾರದವರೆಗೆ ಪೂರ್ತಿ ಸಂಬಳ ನಿಮ್ಮದೇ. ಪ್ರೊಬೇಷನ್ ಹೆಚ್ಚೆಂದರೆ 6 ತಿಂಗಳು, ಆಗ 2 ವಾರದ ನೋಟಿಸ್ ಸಾಕು. ಆದರೆ ಆ ನೋಟಿಸ್ ಕಾಗದದ ಮೇಲೆ, ಪೆನ್ನಿನ ಸಹಿಯೊಂದಿಗೆ ಆತನ ಕೈ ಸೇರಬೇಕು. ಇಮೇಲ್, ವಾಟ್ಸ್‌ಆ್ಯಪ್, ಸ್ಕ್ಯಾನ್ ಮಾಡಿದ ಸಹಿ ಯಾವುದೂ ಸಿಂಧುವಲ್ಲ. ಶಿರಸಿಯಿಂದ ಕಳಿಸಿದ ಲಕೋಟೆ ಪ್ರೊಬೇಷನ್ ಮುಗಿದ ಮರುದಿನ ತಲುಪಿದರೆ ನೋಟಿಸಿನ ಅವಧಿಯೇ 4 ವಾರಕ್ಕೆ ಏರುತ್ತದೆ.

ಇಷ್ಟು ರಗಳೆ ಬೇಡವೆಂದರೆ ಇಒಆರ್, ಅಂದರೆ ನಿಮ್ಮ ಪರವಾಗಿ ಕಾಗದದ ಮೇಲೆ ಮಾಲೀಕನಾಗಿ ನಿಲ್ಲುವ ಸಂಸ್ಥೆಯ ದಾರಿ ಇದೆ. ಜರ್ಮನಿಯಲ್ಲಿ ಅದಕ್ಕೆ ನೌಕರರನ್ನು ಎರವಲು ಕೊಡುವ ಪರವಾನಗಿ ಬೇಕಾಗುತ್ತದೆ. ಮೊದಲ ಮಾತುಕತೆಯಲ್ಲೇ ಪರವಾನಗಿಯ ಪ್ರತಿ ಕೇಳಿ. ಒಬ್ಬನೇ ನೌಕರನನ್ನು ಹೀಗೆ ಇಟ್ಟುಕೊಳ್ಳುವ ಸಾಮಾನ್ಯ ಮಿತಿ 18 ತಿಂಗಳು. ಒಬ್ಬನೇ ಎಂಜಿನಿಯರ್ ಸಾಕು ಎನ್ನುವ ನಿಮ್ಮಂಥವರಿಗೆ ಮೊದಲ ವರ್ಷ ಇದು ಒಳ್ಳೆಯದು, ಆಮೇಲೆ ನೇರ ನೇಮಕ. ಒಂದು ಎಚ್ಚರ: ಆತ ಗ್ರಾಹಕರೊಂದಿಗೆ ದರ ಕುದುರಿಸಿ ಒಪ್ಪಂದ ಮುಗಿಸುವವನಾದರೆ ನಿಮ್ಮ ಕಂಪನಿಗೆ ಜರ್ಮನಿಯಲ್ಲಿ ಕಾಯಂ ನೆಲೆ ಇದೆ ಎಂದು ಅಲ್ಲಿನ ತೆರಿಗೆಯವರು ಲಾಭದ ಮೇಲೂ ಕೈ ಹಾಕಬಹುದು. ದುರಸ್ತಿ, ಸಪೋರ್ಟ್ ಕೆಲಸಕ್ಕಷ್ಟೇ ಆತನನ್ನು ಇಟ್ಟು, ದರ ಒಪ್ಪುವುದು ಮತ್ತು ಸಹಿ ಎರಡೂ ನಿಜವಾಗಿ ಶಿರಸಿಯಲ್ಲೇ ಆಗಲಿ.

ಪ್ರಶ್ನೆ: ಇಒಆರ್ ಸಂಸ್ಥೆಯ ಬಿಲ್ ಪಾವತಿಸಿದ್ದೇವೆ. ನಮ್ಮ ಲೆಕ್ಕಪರಿಶೋಧಕರು ಅದರ ಮೇಲೆ ಇಲ್ಲೂ ಜಿಎಸ್‌ಟಿ ಕಟ್ಟಬೇಕು ಎನ್ನುತ್ತಾರೆ. ಸಂಬಳಕ್ಕೆ ಎಲ್ಲಿಯ ಜಿಎಸ್‌ಟಿ? – ಓದುಗರು, ಕಾರವಾರ

ಉತ್ತರ: ಅವರು ಹೇಳುವುದು ಸರಿ. ನಿಮ್ಮದೇ ನೌಕರನಿಗೆ ನೀವು ಕೊಡುವ ಸಂಬಳಕ್ಕೆ ಜಿಎಸ್‌ಟಿ ಇಲ್ಲ. ಆದರೆ ಇಒಆರ್ ಬಿಲ್‌ನಲ್ಲಿ ನೌಕರ ಅವರವನು, ನೀವು ಕೊಳ್ಳುತ್ತಿರುವುದು ಸೇವೆ. ಹಾಗಾಗಿ ಅದು ಸೇವೆಯ ಆಮದು. ರಿವರ್ಸ್ ಚಾರ್ಜ್‌ನಲ್ಲಿ, ಅಂದರೆ ಮಾರಿದವರ ಬದಲು ಕೊಂಡ ನೀವೇ ಕಟ್ಟುವ ಕ್ರಮದಲ್ಲಿ, ಶೇ 18 ಐಜಿಎಸ್‌ಟಿ. ಬಿಲ್ಲಿನಲ್ಲಿ ಸಂಬಳವನ್ನು ಬೇರೆ ಸಾಲಿನಲ್ಲಿ ತೋರಿಸಿದ್ದರೂ ಅದನ್ನು ಬಿಡಬಹುದೆಂದು ನೆಚ್ಚಿಕೊಳ್ಳಬೇಡಿ. ಹೊರದೇಶದ ಸಂಸ್ಥೆಯಿಂದ ಎರವಲು ಬಂದ ನೌಕರರ ವಿಷಯದಲ್ಲಿ, ಸೇವಾ ತೆರಿಗೆ ಕಾಲದ ಪ್ರಕರಣವೊಂದರಲ್ಲಿ, ಸುಪ್ರೀಂ ಕೋರ್ಟ್ 2022ರ ಮೇನಲ್ಲಿ ಕೊಟ್ಟ ತೀರ್ಪಿನ ಮೇಲೆ ಇಲಾಖೆ ಈ ಬಗೆಯ ಬಿಲ್‌ಗಳನ್ನು ಸೂಕ್ಷ್ಮವಾಗಿ ನೋಡುತ್ತದೆ. ರಿವರ್ಸ್ ಚಾರ್ಜ್ ಮೊತ್ತವನ್ನು ಕ್ರೆಡಿಟ್‌ನಿಂದ (ಖರೀದಿಗಳ ಮೇಲೆ ಮೊದಲೇ ಕಟ್ಟಿದ ತೆರಿಗೆಯ ಜಮೆಯಿಂದ) ತುಂಬುವಂತಿಲ್ಲ, ನಗದು ಲೆಡ್ಜರಿನಿಂದಲೇ ತುಂಬಬೇಕು. ಆಮೇಲೆ ಅದೇ ಮೊತ್ತವನ್ನು ಕ್ರೆಡಿಟ್ ಆಗಿ ಪಡೆಯಬಹುದು. ರಫ್ತುದಾರರಾದರೆ ಮರುಪಾವತಿಯೂ ಸಿಗುತ್ತದೆ. ಕೈಯಿಂದ ಹಣ ಹೋಗುವುದು ಮತ್ತು ವಾಪಸ್ ಬರುವುದರ ನಡುವೆ ತಿಂಗಳುಗಳ ಅಂತರ ಇರುವುದರಿಂದ ಅಷ್ಟು ಬಂಡವಾಳ ಬೇರೆ ತೆಗೆದಿಡಿ.

ಮುಂದೆ ಅಲ್ಲೇ ಅಂಗಸಂಸ್ಥೆ ತೆರೆಯುವುದಾದರೆ ಹಣ ಕಳಿಸುವ ಮೊದಲು ಬ್ಯಾಂಕ್ ಮೂಲಕ ಫಾರ್ಮ್ ಎಫ್‌ಸಿ ಕೊಟ್ಟು ರಿಸರ್ವ್ ಬ್ಯಾಂಕಿನ ಯುಐಎನ್ ಎಂಬ ಗುರುತಿನ ಸಂಖ್ಯೆ ಪಡೆಯಬೇಕು. ಆಮೇಲೆ ಪ್ರತಿ ವರ್ಷ ಡಿಸೆಂಬರ್ 31ರೊಳಗೆ ಅದರ ವಾರ್ಷಿಕ ವರದಿ. ವರದಿ ಬಾಕಿ ಇದ್ದರೆ ಬ್ಯಾಂಕ್ ಮುಂದಿನ ಕಂತು ಬಿಡುವುದಿಲ್ಲ, ಅಲ್ಲಿನ ಸಂಬಳದ ದಿನ ಮಾತ್ರ ನಿಲ್ಲುವುದಿಲ್ಲ.

ಪ್ರಶ್ನೆ: ಲಂಡನ್‌ನಲ್ಲಿ ನೋಂದಾಯಿತ ನಮ್ಮ ಮಸಾಲೆ ಕಂಪನಿಗೆ ವಾರಕ್ಕೆ 20 ಗಂಟೆಯ ಸಹಾಯಕಿ ಬೇಕು. ವರ್ಷಕ್ಕೆ ಕನಿಷ್ಠ ಎಷ್ಟು ಬೀಳುತ್ತದೆ? – ಓದುಗರು, ಕುಮಟಾ

ಉತ್ತರ: 21 ವರ್ಷ ತುಂಬಿದವರಿಗೆ 2026ರ ಏಪ್ರಿಲ್‌ನಿಂದ ಗಂಟೆಗೆ ಕನಿಷ್ಠ 12.71 ಪೌಂಡ್. 52 ವಾರಕ್ಕೆ 13,218 ಪೌಂಡ್. ನ್ಯಾಷನಲ್ ಇನ್ಶೂರೆನ್ಸ್ ಎಂಬ ಅಲ್ಲಿನ ಸಾಮಾಜಿಕ ವಿಮೆಗೆ ಮಾಲೀಕರ ಪಾಲು 5,000 ಪೌಂಡ್ ಮೇಲಿನದ್ದಕ್ಕೆ ಶೇ 15, ಅಂದರೆ ಸುಮಾರು 1,233. ಎಂಪ್ಲಾಯ್‌ಮೆಂಟ್ ಅಲೋವನ್ಸ್ ಎಂಬ ವಿನಾಯಿತಿಗೆ ಅರ್ಹರಾದರೆ ಈ ಹಣ ಕಟ್ಟದೆ ಉಳಿಸಬಹುದು, ಮೊದಲು ವಿಚಾರಿಸಿ. 22 ವರ್ಷ ತುಂಬಿ, ವರ್ಷಕ್ಕೆ 10,000 ಪೌಂಡ್‌ಗಿಂತ ಹೆಚ್ಚು ದುಡಿಯುವವಳನ್ನು ಪಿಂಚಣಿಗೆ ಸೇರಿಸಲೇಬೇಕು. ನಿಮ್ಮ ಪಾಲು 6,240 ಪೌಂಡ್ ಮೇಲಿನದ್ದಕ್ಕೆ ಶೇ 3, ಸುಮಾರು 209. ರಜೆ 5.6 ವಾರ, ಆಕೆಯ ಲೆಕ್ಕದಲ್ಲಿ 112 ಗಂಟೆ, ಅದು ಮೇಲಿನ ಸಂಬಳದಲ್ಲೇ ಸೇರಿದೆ. ಕನಿಷ್ಠ 50 ಲಕ್ಷ ಪೌಂಡ್ ಮೊತ್ತದ ಉದ್ಯೋಗದಾತರ ಹೊಣೆ ವಿಮೆ ಕಡ್ಡಾಯ. ಕೆಲಸದ ಷರತ್ತುಗಳ ಲಿಖಿತ ಪತ್ರ ಮೊದಲ ದಿನವೇ ಆಕೆಯ ಕೈಗೆ ಸಿಗಬೇಕು, ಸಂಬಳದ ವರದಿ ಸಂಬಳದ ದಿನ ಅಥವಾ ಅದಕ್ಕೂ ಮೊದಲೇ ತೆರಿಗೆ ಇಲಾಖೆಗೆ ಹೋಗಬೇಕು.

ಪ್ರಶ್ನೆ: ಶಾರ್ಜಾದ ನಮ್ಮ ಹೋಟೆಲಿಗೆ ಕರೆಸಿದ ಅಡುಗೆಯವನು ನಾಲ್ಕೇ ತಿಂಗಳಲ್ಲಿ ಅಲ್ಲಿನ ಇನ್ನೊಂದು ಹೋಟೆಲಿಗೆ ಹೋಗುತ್ತೇನೆ ಎನ್ನುತ್ತಿದ್ದಾನೆ. ಖರ್ಚು ಮಾಡಿದ್ದು ಮುಳುಗಿತೇ? – ಓದುಗರು, ಮುರ್ಡೇಶ್ವರ

ಉತ್ತರ: ಮುಳುಗಿಲ್ಲ, ಆದರೆ ಕೇಳಬೇಕಾದದ್ದು ಅವನನ್ನಲ್ಲ. ಪ್ರೊಬೇಷನ್ನಿನಲ್ಲಿ ಯುಎಇಯೊಳಗೇ ಬೇರೆ ಕಡೆ ಸೇರುವವನು ನಿಮಗೆ 1 ತಿಂಗಳ ಲಿಖಿತ ನೋಟಿಸ್ ಕೊಡಬೇಕು. ನೇಮಕಾತಿಯ ಖರ್ಚನ್ನು ಹೊಸ ಮಾಲೀಕರು ನಿಮಗೆ ತುಂಬಿಕೊಡಬೇಕು. ವರ್ಕ್ ಪರ್ಮಿಟ್, ವೀಸಾ, ವೈದ್ಯಕೀಯ ಪರೀಕ್ಷೆಯ ರಸೀದಿಗಳನ್ನು ತೆಗೆದಿಟ್ಟು ಅವರಿಗೆ ಬರಹದಲ್ಲಿ ಕೇಳಿ. ಅವನ ಕೊನೆಯ ಸಂಬಳವನ್ನು ತಡೆಹಿಡಿಯಬೇಡಿ. ಒಪ್ಪಂದ ಮುಗಿದ 14 ದಿನದೊಳಗೆ ಬಾಕಿಯೆಲ್ಲ ಅವನಿಗೆ ಸೇರಬೇಕು, ತಪ್ಪಿದರೆ 2 ವರ್ಷದವರೆಗೂ ಅವನು ದೂರು ಕೊಡಬಹುದು.