ಮಕ್ಕಳೂ ಪೋಷಕರೂ ಜೊತೆಗೂಡಿ ಕಿರುಚಿತ್ರ ಮಾಡುವಾಗ ಯಾರಿಗೆ ಯಾವ ಕೆಲಸ?

8ರಿಂದ 12 ವರ್ಷದ ಮಕ್ಕಳನ್ನೂ ಅವರ ಪೋಷಕರನ್ನೂ ಒಟ್ಟಿಗೆ ಕೂರಿಸಿಕೊಂಡು ಕಿರುಚಿತ್ರ ಮತ್ತು ಅನಿಮೇಷನ್ ಕಲಿಸಬೇಕೆಂದಿದ್ದೀರಿ. ಯಾವ ಸಾಫ್ಟ್‌ವೇರ್‌ನಿಂದ ಆರಂಭಿಸಬೇಕು, ಮಕ್ಕಳ ಕೆಲಸವನ್ನು ದೊಡ್ಡವರೇ ಮಾಡಿ ಮುಗಿಸದಂತೆ ನೋಡಿಕೊಳ್ಳುವುದು ಹೇಗೆ ಎಂದು ಕೇಳಿದ್ದೀರಿ. ಇಂಥ ತರಗತಿಗಳನ್ನು ಹಲವು ವರ್ಷಗಳಿಂದ ನಡೆಸುತ್ತಿದ್ದೇನೆ. ನನ್ನ ಮಟ್ಟಿಗೆ ಸಾಫ್ಟ್‌ವೇರ್ ಚಿಕ್ಕ ವಿಷಯ; ತರಗತಿಯ ಅಳಿವು-ಉಳಿವು ಇರುವುದು ನಿಮ್ಮ ಎರಡನೆಯ ಪ್ರಶ್ನೆಯಲ್ಲಿ. ಪೋಷಕರಿಗೆ ‘ಸುಮ್ಮನೆ ನೋಡುತ್ತಿರಿ’ ಎಂದರೆ ಅದು ನಡೆಯುವ ಮಾತಲ್ಲ. ಕೈಗೆ ಕೆಲಸವಿಲ್ಲದೆ ಕುಳಿತ ದೊಡ್ಡವರು ಸ್ವಲ್ಪ ಹೊತ್ತಿನಲ್ಲೇ ಮಗುವಿನ ಕೈಯಿಂದ ಬೊಂಬೆಯನ್ನು ತೆಗೆದುಕೊಂಡು ‘ಹೀಗಲ್ಲ, ಹೀಗೆ’ ಎಂದು ತೋರಿಸಲು ತೊಡಗುತ್ತಾರೆ. ಆದ್ದರಿಂದ ಅವರಿಗೆ ಅವರದೇ ಆದ, ನಡುವೆ ಬಿಟ್ಟು ಏಳಲಾಗದ ಕೆಲಸವೊಂದನ್ನು ಕೊಡಬೇಕು.

ಬೊಂಬೆಯನ್ನು ಸ್ವಲ್ಪ ಸ್ವಲ್ಪವೇ ಸರಿಸುತ್ತ ಫೋಟೊ ತೆಗೆದು, ಅವನ್ನು ಒಂದರ ಹಿಂದೊಂದು ಓಡಿಸುವ ಸ್ಟಾಪ್ ಮೋಷನ್ ಇದಕ್ಕೆ ಹೇಳಿ ಮಾಡಿಸಿದ ವಿಧಾನ. ಸಿನಿಮಾ ಸೆಕೆಂಡಿಗೆ 24 ಫ್ರೇಮ್‌ಗಳಲ್ಲಿ, ಅಂದರೆ 24 ಬಿಡಿ ಚಿತ್ರಗಳಲ್ಲಿ, ಓಡಿದರೂ ಮಕ್ಕಳ ಅನಿಮೇಷನ್‌ಗೆ ಸೆಕೆಂಡಿಗೆ 12 ಫ್ರೇಮ್ ಧಾರಾಳವಾಯಿತು. ಆ ಲೆಕ್ಕದಲ್ಲಿ 10 ಸೆಕೆಂಡಿನ ಚಿತ್ರಕ್ಕೆ 120 ಫೋಟೊಗಳು ಬೇಕು. ಪ್ರತಿ ಫೋಟೊಗೂ ಒಬ್ಬರು ಬೊಂಬೆಯನ್ನು ತುಸುವೇ ಸರಿಸಿ ಕೈ ಹಿಂದಕ್ಕೆ ತೆಗೆದುಕೊಳ್ಳಬೇಕು. ಇನ್ನೊಬ್ಬರು ಕೈಯಾಗಲಿ ನೆರಳಾಗಲಿ ಫ್ರೇಮಿನಲ್ಲಿ ಉಳಿದಿಲ್ಲವೆಂದು ಖಚಿತಪಡಿಸಿಕೊಂಡು ಗುಂಡಿ ಒತ್ತಿ, ಎಷ್ಟನೆಯ ಫೋಟೊ ಎಂದು ಗಟ್ಟಿಯಾಗಿ ಹೇಳಬೇಕು. ನನ್ನ ತರಗತಿಯ ನಿಯಮ ಇಷ್ಟೇ: ಬೊಂಬೆ ಮಗುವಿನದು, ಕ್ಯಾಮೆರಾ ಪೋಷಕರದು, ಮಗು ಕರೆಯದೆ ಬೊಂಬೆಯನ್ನು ದೊಡ್ಡವರು ಮುಟ್ಟುವಂತಿಲ್ಲ. ಮೊದಲ ಚಿತ್ರ ಮುಗಿಯುವವರೆಗೂ ಈ ನಿಯಮವನ್ನು ನಾನು ಸಡಿಲಿಸುವುದಿಲ್ಲ. ಒಬ್ಬರಿಲ್ಲದೆ ಇನ್ನೊಬ್ಬರ ಕೆಲಸ ಮುಂದೆ ಹೋಗದ ಕಾರಣ, ಹೊಂದಾಣಿಕೆಯ ಬಗ್ಗೆ ನಾವು ಉಪದೇಶ ಮಾಡಬೇಕಾಗಿಯೇ ಬರುವುದಿಲ್ಲ.

ಕ್ಯಾಮೆರಾ ಹಿಡಿಯುವ ಮುನ್ನ ಕಾಗದ ಕೊಡಿ. ಒಂದು ರಟ್ಟಿನ ಬಿಲ್ಲೆಯ ಒಂದು ಮಗ್ಗುಲಲ್ಲಿ ಹಕ್ಕಿಯನ್ನೂ ಇನ್ನೊಂದರಲ್ಲಿ ಪಂಜರವನ್ನೂ ಬರೆದು, ಎರಡು ಕಡೆ ದಾರ ಕಟ್ಟಿ ಗರಗರನೆ ತಿರುಗಿಸಿದರೆ ಹಕ್ಕಿ ಪಂಜರದೊಳಗೆ ಕಾಣುತ್ತದೆ. 1820ರ ದಶಕದಿಂದ ಬಂದ ಈ ಆಟಿಕೆ ಇಂದಿಗೂ ಮಕ್ಕಳನ್ನು ಬೆರಗುಗೊಳಿಸುತ್ತದೆ. ಆಮೇಲೆ ಫ್ಲಿಪ್ ಬುಕ್, ಅಂದರೆ ಪುಟಪುಟಕ್ಕೂ ತುಸು ಬದಲಾಗುವ ಚಿತ್ರಗಳ ಪುಟ್ಟ ಪುಸ್ತಕ. ಒಂದು ಚಿತ್ರಕ್ಕೂ ಮುಂದಿನದಕ್ಕೂ ಎಷ್ಟು ವ್ಯತ್ಯಾಸವಿರಬೇಕೆಂಬುದು ಬೆರಳಿನಿಂದ ಪುಟಗಳನ್ನು ಸರಿಸುವಾಗ ಅರ್ಥವಾಗುವಷ್ಟು ಚೆನ್ನಾಗಿ ಯಾವ ವಿವರಣೆಯಿಂದಲೂ ಅರ್ಥವಾಗುವುದಿಲ್ಲ.

ಇದಾದ ಮೇಲೆ ಪೋಷಕರನ್ನೇ ಬೊಂಬೆಯಾಗಿಸುವ ಅಭ್ಯಾಸವೊಂದನ್ನು ಮಾಡಿಸುತ್ತೇನೆ, ಇದನ್ನು ದಯವಿಟ್ಟು ಬಿಡಬೇಡಿ. ತಾಯಿಯೋ ತಂದೆಯೋ ನೆಲದ ಮೇಲೆ ಕುಳಿತು ಒಂದೊಂದು ಫೋಟೊಗೂ ಅಂಗೈಯಗಲ ಮುಂದೆ ಸರಿದರೆ, ಚಿತ್ರದಲ್ಲಿ ಅವರು ಕಾಣದ ವಾಹನವೇರಿ ಹೊರಟಂತೆ ಕಾಣುತ್ತದೆ. ಕೆನಡಾದಲ್ಲಿ ಕೆಲಸ ಮಾಡಿದ ನಾರ್ಮನ್ ಮೆಕ್ಲಾರೆನ್ 1952ರಲ್ಲೇ ಪಿಕ್ಸಿಲೇಷನ್ ಎಂಬ ಈ ವಿಧಾನದಲ್ಲಿ ಕಿರುಚಿತ್ರ ಮಾಡಿದ್ದರು. ‘ಅಮ್ಮಾ, ಅಷ್ಟು ಬೇಡ, ಸ್ವಲ್ಪ ಹಿಂದೆ ಹೋಗು’ ಎಂದು ಮಗು ಹೇಳಬೇಕು, ತಾಯಿ ಕೇಳಬೇಕು. ನಿರ್ದೇಶನವೆಂದರೇನು ಎಂಬುದು ಇಬ್ಬರಿಗೂ ಮನವರಿಕೆಯಾಗುವುದು ಆ ಹೊತ್ತಿನಲ್ಲಿ.

ತಾಂತ್ರಿಕವಾಗಿ ಮೊದಲ ಚಿತ್ರಗಳನ್ನು ಕೆಡಿಸುವುದು ಬಹುಮಟ್ಟಿಗೆ ಬೆಳಕು. ಫೋನಿನ ಕ್ಯಾಮೆರಾ ಪ್ರತಿ ಫೋಟೊಗೂ ಬೆಳಕು ಮತ್ತು ಬಣ್ಣಗಳನ್ನು ತಾನೇ ಹೊಸದಾಗಿ ಅಳೆಯುವುದರಿಂದ, ಓಡಿಸಿ ನೋಡಿದಾಗ ಚಿತ್ರ ಮಿಣುಕುತ್ತದೆ. ಆದ್ದರಿಂದ ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಪ್ರಮಾಣ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಾಣಿಕೆ) ಮೂರನ್ನೂ ಬದಲಾಗದಂತೆ ಲಾಕ್ ಮಾಡುವುದನ್ನು ಪೋಷಕರಿಗೆ ಮೊದಲೇ ಕಲಿಸಿ. ಕಿಟಕಿಯ ಬೆಳಕು ಮೋಡ ಬಂದಂತೆಲ್ಲ ಬದಲಾಗುತ್ತದೆ, ಪರದೆ ಎಳೆದು ಟೇಬಲ್ ಲ್ಯಾಂಪ್ ಬಳಸುವುದು ಕ್ಷೇಮ. ಬಿಳಿ ಅಂಗಿ ತೊಟ್ಟವರು ಬೊಂಬೆಯ ಹತ್ತಿರ ಅತ್ತಿತ್ತ ಸರಿದರೂ ಅದರ ಮೇಲಿನ ಬೆಳಕು ಬದಲಾಗುತ್ತದೆಂಬುದು ಬಹಳ ಮಂದಿಗೆ ಹೊಳೆಯುವುದಿಲ್ಲ. ಫೋನನ್ನು ಟ್ರೈಪಾಡಿಗೆ ಬಿಗಿದು, ಏರೋಪ್ಲೇನ್ ಮೋಡ್‌ನಲ್ಲಿಡಿ. ಎಂಬತ್ತನೆಯ ಫೋಟೊದಲ್ಲಿ ಯಾರದೋ ಕರೆ ಬಂದು ಫೋನನ್ನು ಕೈಗೆತ್ತಿಕೊಂಡರೆ ಕ್ಯಾಮೆರಾ ಮತ್ತೆ ಅದೇ ಜಾಗಕ್ಕೆ ಬರುವುದು ಕಷ್ಟ.

ಚಲನೆಯಲ್ಲಿ ಮಕ್ಕಳಿಗೆ ಎರಡೇ ವಿಷಯ ಹೇಳಿಕೊಡಿ: ಹೊರಡುವಾಗ ಮತ್ತು ನಿಲ್ಲುವಾಗ ಬೊಂಬೆ ಕಡಿಮೆ ದೂರ ಸರಿಯಬೇಕು, ಮಧ್ಯದಲ್ಲಿ ಹೆಚ್ಚು; ಮುಖ್ಯವಾದ ಕ್ಷಣದಲ್ಲಿ ಏನನ್ನೂ ಸರಿಸದೆ ಏಳೆಂಟು ಫೋಟೊ ತೆಗೆಯಬೇಕು, ಇಲ್ಲದಿದ್ದರೆ ನೋಡುವವರ ಕಣ್ಣಿಗೆ ಅದು ಸಿಗುವುದೇ ಇಲ್ಲ.

ಕಥೆಯ ವಿಷಯದಲ್ಲಿ ದೊಡ್ಡವರು ಇನ್ನಷ್ಟು ಸಂಯಮ ತೋರಬೇಕಾಗುತ್ತದೆ. ಮಗು ಚಮಚವೊಂದು ಮನೆ ಬಿಟ್ಟು ಹೋಗುವ ಕಥೆ ಹೇಳಿದರೆ, ಅದು ಏಕೆ ಹೋಯಿತು, ಅದರಿಂದ ನಾವು ಕಲಿಯುವ ನೀತಿಯೇನು ಎಂದು ಕೇಳಲು ಅವರ ನಾಲಿಗೆ ತುಡಿಯುತ್ತದೆ. ‘ಆಮೇಲೆ ಏನಾಯಿತು?’ ಎಂಬ ಒಂದೇ ಪ್ರಶ್ನೆಗೆ ನಾನು ಅವರಿಗೆ ಅನುಮತಿ ಕೊಡುತ್ತೇನೆ. ಒಂದು ಪಾತ್ರ, ಒಂದು ಜಾಗ, ಆ ಪಾತ್ರಕ್ಕೆ ಬೇಕಾದ ಒಂದು ವಸ್ತು: ಕಥೆಗೆ ಇಷ್ಟು ಸಾಕು. ದೃಶ್ಯಗಳನ್ನು ಅನುಕ್ರಮವಾಗಿ ಬಿಡಿಸಿಕೊಳ್ಳುವ ಆರು ಚೌಕಗಳ ಸ್ಟೋರಿಬೋರ್ಡ್‌ನಲ್ಲಿ ಹಿಡಿಸದ ಕಥೆಯನ್ನು ಮುಂದಿನ ಸಲಕ್ಕೆ ಎತ್ತಿಡಿ.

ನಟರಿರುವ ಕಿರುಚಿತ್ರಕ್ಕೆ ಹೋಗುವಾಗ, 1895ರಲ್ಲಿ ಲೂಮಿಯೇರ್ ಸಹೋದರರು ತೋರಿಸಿದ ಮೊದಲ ಚಿತ್ರಗಳ ಕ್ರಮವನ್ನೇ ಅನುಸರಿಸಿ. ಅವು ಒಂದೊಂದೂ ಸುಮಾರು 50 ಸೆಕೆಂಡಿನ, ಒಂದೇ ಶಾಟ್‌ನ, ಅಂದರೆ ಎಲ್ಲೂ ಕತ್ತರಿಸದೆ ಒಂದೇ ಸಲಕ್ಕೆ ತೆಗೆದ, ಚಿತ್ರಗಳು. ಮಗುವೂ ಪೋಷಕರೂ ಅದೇ ಕೋಣೆಯನ್ನು ತಮ್ಮ ತಮ್ಮ ಎತ್ತರದಿಂದ, ಕ್ಯಾಮೆರಾ ಅಲುಗಿಸದೆ, ತಲಾ 50 ಸೆಕೆಂಡು ಚಿತ್ರೀಕರಿಸಲಿ. ಎರಡನ್ನೂ ಒಟ್ಟಿಗೆ ನೋಡಿದಾಗ, ಮೇಜಿನ ಕೆಳಭಾಗವೇ ಮಗುವಿನ ಚಿತ್ರದ ಮುಖ್ಯ ಸ್ಥಳವಾಗಿರುವುದನ್ನು ಪೋಷಕರು ಗಮನಿಸುತ್ತಾರೆ. ಎಡಿಟಿಂಗನ್ನು ಆನಂತರ ಕಲಿಸಿದರೆ ಸಾಕು. ಮಾತನ್ನು ಮಾತ್ರ ಬೇರೊಂದು ಫೋನನ್ನು ಬಾಯಿಯ ಸಮೀಪದಲ್ಲಿಟ್ಟು ಧ್ವನಿಮುದ್ರಿಸಿಕೊಳ್ಳಿ. ಚಿತ್ರ ಸ್ವಲ್ಪ ಮಸುಕಾಗಿದ್ದರೂ ಜನ ನೋಡುತ್ತಾರೆ, ಮಾತು ಕೇಳಿಸದಿದ್ದರೆ ಎದ್ದುಹೋಗುತ್ತಾರೆ.

ಸಾಫ್ಟ್‌ವೇರ್ ಬಗ್ಗೆ: ಸ್ಟಾಪ್ ಮೋಷನ್ ಸ್ಟುಡಿಯೋ ಎಂಬ ಆ್ಯಪ್ ಆರಂಭಕ್ಕೆ ಸಾಕು. ಹಿಂದಿನ ಫೋಟೊದ ಮಸುಕು ಪ್ರತಿಯನ್ನು ಪರದೆಯ ಮೇಲೆ ತೋರಿಸುವ ಆನಿಯನ್ ಸ್ಕಿನ್ ಸೌಲಭ್ಯ ಅದರಲ್ಲಿದೆ, ಮುಖ್ಯವಾಗಿ ಬೇಕಾದದ್ದು ಅದೇ. 5ರಿಂದ 7 ವರ್ಷದ ತಮ್ಮ-ತಂಗಿಯರು ಜೊತೆಗೆ ಬಂದರೆ ಚಿತ್ರದ ತುಂಡುಗಳನ್ನು ಜೋಡಿಸಿ ಪಾತ್ರಗಳನ್ನು ಓಡಾಡಿಸುವ ಸ್ಕ್ರ್ಯಾಚ್ ಜೂನಿಯರ್ ಎಂಬ ಆ್ಯಪ್ ಕೊಡಿ.

ಕೊನೆಯ ದಿನ ಎಲ್ಲ ಚಿತ್ರಗಳನ್ನೂ ದೊಡ್ಡ ಪರದೆಯಲ್ಲಿ ತೋರಿಸಿ, ಶೀರ್ಷಿಕೆಗಳಲ್ಲಿ ನಿರ್ದೇಶನಕ್ಕೆ ಮಗುವಿನ ಹೆಸರನ್ನೂ ಛಾಯಾಗ್ರಹಣಕ್ಕೆ ಪೋಷಕರ ಹೆಸರನ್ನೂ ತಪ್ಪದೆ ಹಾಕಿಸಿ. ಚಿತ್ರವನ್ನು ಅಂತರ್ಜಾಲಕ್ಕೆ ಏರಿಸುವ ಮಾತು ಬಂದರೆ ಪೋಷಕರ ಒಪ್ಪಿಗೆಯೊಂದೇ ಸಾಲದು, ಮಗುವನ್ನೂ ಕೇಳಬೇಕು. ಮಗು ಬೇಡವೆಂದರೆ ಆ ಚಿತ್ರ ಮನೆಯವರ ಬಳಿಯೇ ಉಳಿಯಲಿ.