ಶಾಲೆಯ ಮೊದಲ ದಿನದ ಫೋಟೊಕ್ಕೆ ಫೆಲ್ಟ್ ಬಾವುಟ

ಪ್ರಶ್ನೆ: ಮಗಳು ಈ ಸಲ ಒಂದನೇತ್ತಾಕ್ಕ ಹೊಂಟಾಳ್ರಿ. ಶಾಲಿ ಸುರುವಾಗೋ ದಿನ ಕೈಯಾಗ ಮುಕ್ಕೋನಿ ಬಾವುಟ ಹಿಡಿಸಿ ಫೋಟೊ ತಗೀಬೇಕಂತ ಮಾಡೇನಿ. ಫೆಲ್ಟ್‌ನಾಗ ಮನ್ಯಾಗ ಮಾಡೂದು ಹೆಂಗ? ಹೊಲಿಗಿ ಮಷಿನ್ ಇಲ್ಲ.
– ಓದುಗರೊಬ್ಬರು, ಗೋಕಾಕ

ಉತ್ತರ: ಮಷಿನ್ ಬೇಕಾಗಿಯೇ ಇಲ್ಲ. ಫೆಲ್ಟ್ ನೇಯ್ದ ಬಟ್ಟೆಯಲ್ಲ, ಎಳೆಗಳನ್ನು ಒತ್ತಿ ಹಾಳೆ ಮಾಡಿದ್ದು. ಕತ್ತರಿಸಿದರೂ ನೂಲು ಬಿಡುವುದಿಲ್ಲ, ಅಂಚು ಮಡಚಿ ಹೊಲಿಯುವ ಕೆಲಸವೇ ಇಲ್ಲ. ಎ4 ಅಳತೆಯ ಎರಡು ಹಾಳೆ ತನ್ನಿ: ಬಾವುಟಕ್ಕೆ 2 ಮಿ.ಮೀ. ದಪ್ಪದ ಗಟ್ಟಿ ಹಾಳೆ, ಅಕ್ಷರಕ್ಕೆ 1 ಮಿ.ಮೀ.ಯದು. ದೊಡ್ಡ ಸ್ಟೇಷನರಿ ಅಂಗಡಿಯಲ್ಲಿ ಕೇಳಿ ನೋಡಿ. ಅಲ್ಲಿಲ್ಲದಿದ್ದರೆ ಬೆಳಗಾವಿಗೆ ಹೋದಾಗ ಖಡೇಬಜಾರ್ ಕಡೆ ಟೇಲರಿಂಗ್ ಸಾಮಾನಿನ ಅಂಗಡಿಗಳಲ್ಲಿ ವಿಚಾರಿಸಿ.

ಗಟ್ಟಿ ಹಾಳೆಯ ಗಿಡ್ಡ ಬದಿಯಲ್ಲಿ 20 ಸೆಂ.ಮೀ. ಗುರುತು ಮಾಡಿ. ಅದರ ನಡುವಿನಿಂದ ನೇರ 28 ಸೆಂ.ಮೀ. ಅಳೆದು ತುದಿಯ ಚುಕ್ಕೆ ಇಡಿ, ಮೂರು ಚುಕ್ಕೆ ಸೇರಿಸಿ ಕತ್ತರಿಸಿ. ಕೋಲಿನ ಚೀಲಕ್ಕೆ ಅಕ್ಷರದ ಬಣ್ಣದ ಹಾಳೆಯಿಂದಲೇ 20 ಸೆಂ.ಮೀ. ಉದ್ದ, 4 ಸೆಂ.ಮೀ. ಅಗಲದ ಪಟ್ಟಿ ತೆಗೆಯಿರಿ. 6 ಮಿ.ಮೀ. ದಪ್ಪದ ಬಿದಿರು ಕಡ್ಡಿಯನ್ನು ಸುತ್ತಲು ಹೆಚ್ಚುಕಡಿಮೆ 2 ಸೆಂ.ಮೀ. ಹೋಗುತ್ತದೆ, ಎರಡೂ ಕಡೆ ಒಂದೊಂದು ಸೆಂ.ಮೀ. ಉಳಿಯುತ್ತದೆ. ಆ ಎರಡು ಅಂಚಿನ ನಡುವೆ ಬಾವುಟದ 20 ಸೆಂ.ಮೀ. ಬದಿಯನ್ನು ಸಿಕ್ಕಿಸಿ, ಕಸೂತಿ ದಾರದ ಮೂರು ಎಳೆ ತೆಗೆದುಕೊಂಡು ಮೂರೂ ಪದರ ಸೇರುವಂತೆ ಸಾದಾ ಓಟಹೊಲಿಗೆ ಹಾಕಿ. ಚೀಲದ ಮೇಲ್ಬಾಯಿ ಹೊಲಿದು ಮುಚ್ಚಿಬಿಡಿ. ತೆರೆದಿಟ್ಟರೆ ಬಾವುಟ ಜಾರಿ ಮಗುವಿನ ಮುಷ್ಟಿಯ ಮೇಲೆ ಬಂದು ಕೂಡುತ್ತದೆ. ಕಡ್ಡಿ 45 ಸೆಂ.ಮೀ. ಇದ್ದರೆ ಹಿಡಿಯಲು 25 ಸಿಗುತ್ತದೆ. ಸಿಬಿರು ಚುಚ್ಚದ ಹಾಗೆ ಉಸುಕಿನ ಕಾಗದದಿಂದ ತಿಕ್ಕಿ.

ಇಷ್ಟು ಸುಲಭ. ಕಷ್ಟವಿರುವುದು ಅಕ್ಷರದಲ್ಲಿ. ‘1ನೇ ತರಗತಿ’ ಎಂದು ಪೂರ್ತಿ ಬರೆಯಲು ಹೊರಟರೆ ಬಾವುಟ ಸಣ್ಣಗಾಗುತ್ತ ಹೋಗುವುದರಿಂದ ಕೊನೆಯ ‘ತಿ’ 3 ಸೆಂ.ಮೀ.ಗೆ ಇಳಿಯುತ್ತದೆ, ಫೋಟೊದಲ್ಲಿ ಯಾರೂ ಓದಲಾರರು. ‘1ನೇ’ ಸಾಕು: ಅಂಕಿ 9 ಸೆಂ.ಮೀ. ಎತ್ತರ, ‘ನೇ’ 7 ಸೆಂ.ಮೀ. ಕನ್ನಡದ ೧ ಚೆಂದವೇ, ಆದರೆ ದೂರದಿಂದ ಸೊನ್ನೆಯೆಂದು ಕಾಣುವ ಭಯವಿದೆ. ದಪ್ಪ ಅಕ್ಷರದಲ್ಲಿ ಪ್ರಿಂಟ್ ತೆಗೆದು, ಕಾಗದವನ್ನು ಫೆಲ್ಟಿಗೆ ಟೇಪ್ ಹಚ್ಚಿ ಎರಡನ್ನೂ ಒಟ್ಟಿಗೆ ಕತ್ತರಿಸಿ. ಗೆರೆ 8 ಮಿ.ಮೀ.ಗಿಂತ ಸಣ್ಣದಾದರೆ ಅಂಟಿಸುವಾಗ ಜಗ್ಗಿ ಸೊಟ್ಟಗಾಗುತ್ತದೆ. ‘ನೇ’ಯ ದೀರ್ಘ ಬೇರೆ ತುಂಡಾಗಿ ಬರಬಹುದು, ಕಸದ ಜೊತೆ ಗುಡಿಸಿಬಿಡಬೇಡಿ. ‘ರ’ದ ಒಳಗಿನ ತೂತು, ಸೊನ್ನೆಯ ಹೊಟ್ಟೆ ಇಂಥವಕ್ಕೆ ಆ ಜಾಗವನ್ನು ಚಿವುಟಿದಂತೆ ಮಡಚಿ ಒಂದು ಕಚ್ಚು ಹಾಕಿ, ಅಲ್ಲಿಂದ ಕತ್ತರಿಯ ತುದಿ ತೂರಿಸಿ. ತಿರುಗಬೇಕಾದದ್ದು ಬಟ್ಟೆ, ಕತ್ತರಿಯಲ್ಲ. ಅಂಕಿ ಬಿಟ್ಟು ಅಕ್ಷರದಲ್ಲೇ ಬರೆಯುವವರಿಗೆ ಒಂದು ಮಾತು: ನಾಲ್ಕನೇ, ಒಂಬತ್ತನೇ, ಹತ್ತನೇ ಇವಕ್ಕೆ ಒತ್ತಕ್ಷರ ಇರುವುದರಿಂದ ಸಾಲನ್ನು 2 ಸೆಂ.ಮೀ. ಮೇಲೆ ಹಿಡಿಯಿರಿ.

ಪ್ರಶ್ನೆ: ಫೆವಿಕಾಲ್ ಹಚ್ಚಿದೆ, ಅಕ್ಷರದ ಸುತ್ತ ಕಲೆ ಬಿತ್ತು. ಗ್ಲೂ ಗನ್ ಒಳ್ಳೆಯದೇ?
– ವಿಜಯಪುರ

ಉತ್ತರ: ಬಿಳಿ ಅಂಟಿನಲ್ಲಿ ನೀರಿರುತ್ತದೆ, ಹೆಚ್ಚಾದರೆ ಫೆಲ್ಟ್ ಅದನ್ನು ಹೀರಿ ಗಟ್ಟಿಯಾಗಿ ಕಲೆ ಬಿಡುತ್ತದೆ. ಅಕ್ಷರದ ಹಿಂದೆ, ಅಂಚಿನಿಂದ 3 ಮಿ.ಮೀ. ಒಳಗೆ, ಹಲ್ಲುಕಡ್ಡಿಯಿಂದ ಚುಕ್ಕೆ ಚುಕ್ಕೆಯಾಗಿ ಇಟ್ಟು ಮೇಲೆ ದಪ್ಪ ಪುಸ್ತಕ ಹೇರಿ ರಾತ್ರಿಯೆಲ್ಲ ಬಿಡಿ. ಗ್ಲೂ ಗನ್ ಬೇಗ ಹಿಡಿಯುತ್ತದೆ, ಆದರೆ ಅಂಟಿನ ಗಂಟು 1 ಮಿ.ಮೀ. ಫೆಲ್ಟಿನ ಮೇಲೆ ಎದ್ದು ಕಾಣುತ್ತದೆ. ಅಂಗಡಿಯ ಅಗ್ಗದ ಫೆಲ್ಟ್ ಸಾಮಾನ್ಯವಾಗಿ ಪಾಲಿಯೆಸ್ಟರ್, ಗನ್ನಿನ ಬಿಸಿ ತುದಿ ತಾಗಿದರೆ ಸುಕ್ಕಾಗಿ ಹಾಳಾಗಬಹುದು. ಇದೇ ಕಾರಣಕ್ಕೆ ಇಸ್ತ್ರಿಯೂ ನೇರ ಬೇಡ: ಕಡಿಮೆ ಬಿಸಿ, ನಡುವೆ ಹತ್ತಿ ಬಟ್ಟೆ.

ಪ್ರಶ್ನೆ: ಕಳೆದ ವರ್ಷದ ಫೋಟೊದಲ್ಲಿ ಬಾವುಟ ಜೋತುಬಿದ್ದಿತ್ತು, ಮಗನ ಅರ್ಧ ಮುಖ ಮುಚ್ಚಿತ್ತು. ಅಕ್ಷರವೂ ಉಲ್ಟಾ!
– ಜಮಖಂಡಿ

ಉತ್ತರ: ಮೂರೂ ಬೇರೆ ಬೇರೆ ಕಾಯಿಲೆ. ಜೋಲುವುದು ತೆಳು ಫೆಲ್ಟಿನಿಂದ. ಹಿಂಬದಿಗೆ ಚೀಲದಿಂದ ತುದಿಯವರೆಗೆ ನಡುವೆ ಒಂದು ಗಟ್ಟಿ ಕಸಬರಿಗೆ ಕಡ್ಡಿ ಇಟ್ಟು, ಮೇಲೆ ಅದೇ ಬಣ್ಣದ 1.5 ಸೆಂ.ಮೀ. ಪಟ್ಟಿ ಅಂಟಿಸಿ. ಮುಖ ಮುಚ್ಚುವುದು ತಪ್ಪು ಕೈಯಲ್ಲಿ ಹಿಡಿದದ್ದರಿಂದ. ಕನ್ನಡ ಎಡದಿಂದ ಬಲಕ್ಕೆ ಓದುವುದರಿಂದ ನೋಡುವವರಿಗೆ ಕೋಲು ಎಡಗಡೆ ಇರಬೇಕು. ಮಗು ಬಲಗೈಯಲ್ಲಿ ಹಿಡಿದರೆ ಬಾವುಟ ಮೈಮೇಲೆ ಬರುತ್ತದೆ, ಎಡಗೈಗೆ ಕೊಟ್ಟರೆ ಹೊರಕ್ಕೆ ಚಾಚುತ್ತದೆ. ಉಲ್ಟಾ ಅಕ್ಷರ ಸೆಲ್ಫಿ ಕ್ಯಾಮೆರಾದ್ದು, ಕೆಲವು ಮೊಬೈಲ್ ಕನ್ನಡಿಯಲ್ಲಿ ಕಂಡಂತೆಯೇ ಉಳಿಸುತ್ತವೆ. ಹಿಂದಿನ ಕ್ಯಾಮೆರಾ ಬಳಸಿ. ಅಂಗಿ ಬಿಳಿಯಾಗಿದ್ದರೆ ಬಾವುಟ ಬಿಳಿ ಬೇಡ. ಕೆಂಪಿನ ಮೇಲೆ ಹಳದಿ ಅಕ್ಷರ ದೂರಕ್ಕೂ ಓದಿಸುತ್ತದೆ.

ಪ್ರಶ್ನೆ: ಕೇಸರಿ, ಬಿಳಿ, ಹಸಿರು ಪಟ್ಟಿ ಮಾಡಿ ನಡುವೆ ಹೆಸರು ಬರೆಯಬಹುದೇ?
– ಬೈಲಹೊಂಗಲ

ಉತ್ತರ: ಬೇಡ. ರಾಷ್ಟ್ರಧ್ವಜದ ಮೇಲೆ ಯಾವ ಬರಹವೂ ಇರಕೂಡದೆಂದು 2002ರ ಧ್ವಜ ಸಂಹಿತೆ ಹೇಳುತ್ತದೆ. ಬೇರೆ ಬಣ್ಣ ಬೇಕಾದಷ್ಟಿವೆ.

ಪ್ರಶ್ನೆ: ಗುಳೇದಗುಡ್ಡ ಖಣದ ತುಂಡು ಮನೆಯಲ್ಲಿದೆ. ಸೇರಿಸಬಹುದೇ? ಪ್ರತಿ ವರ್ಷ ಹೊಸ ಬಾವುಟವನ್ನೂ ಮಾಡಬೇಕೇ?
– ಬಾದಾಮಿ

ಉತ್ತರ: ಖಣವನ್ನು ಕೋಲಿನ ಚೀಲಕ್ಕೆ ಬಳಸಿ, ಒಳ್ಳೇ ಕಾಣುತ್ತದೆ. ಅದು ನೇಯ್ದದ್ದು, ನೂಲು ಬಿಡುತ್ತದೆ; 22 ಸೆಂ.ಮೀ. ಉದ್ದ, 6 ಸೆಂ.ಮೀ. ಅಗಲ ಕತ್ತರಿಸಿ ಸುತ್ತಲೂ 1 ಸೆಂ.ಮೀ. ಒಳಕ್ಕೆ ಮಡಚಿ. ಓರೆ ಬದಿಗಳಿಗೆ ಹಚ್ಚಬೇಡಿ, ತುದಿ ಭಾರವಾಗಿ ಬಾವುಟ ಬಾಗುತ್ತದೆ.

ಬಾವುಟ ಒಂದೇ ಸಾಕು. ‘ನೇ’ ಅಂಟಿಸಿ, ಅಂಕಿಯನ್ನು ಮಾತ್ರ ಬಿಡಿಯಾಗಿಡಿ. ಅಂಕಿಯ ಹಿಂದೆ ವೆಲ್ಕ್ರೋದ ಒರಟು ಬದಿಯ 2 ಸೆಂ.ಮೀ. ತುಂಡು ಹೊಲಿಯಿರಿ, ಮೆತ್ತನೆ ಬದಿ ಬೇಡ, ಫೆಲ್ಟಿನ ಜುಂಗೇ ಅದನ್ನು ಹಿಡಿದುಕೊಳ್ಳುತ್ತದೆ. ತೀರ ನುಣುಪಾದ ಗಟ್ಟಿ ಹಾಳೆಗೆ ಹಿಡಿಯದಿರಬಹುದು, ತರುವ ಮೊದಲು ಅಂಗಡಿಯಲ್ಲೇ ಒತ್ತಿ ನೋಡಿ. ಜೂನ್ ಮಳೆಗೆ ತೊಯ್ದರೆ ಹಿಂಡದೆ ಟಾವೆಲ್ಲಿನ ನಡುವೆ ಒತ್ತಿ, ನೆರಳಲ್ಲಿ ಹಾಸಿ ಒಣಗಿಸಿ. ಎತ್ತಿಡುವಾಗ ಮಡಚಬೇಡಿ, ಕೋಲು ತೆಗೆದು ರಟ್ಟಿನ ಮೇಲೆ ಚಪ್ಪಟೆಯಾಗಿಡಿ.