ಶಾಲೆ ಮುಚ್ಚಿದರೆ ಉಳಿಯುವುದು ಯಾರ ದುಡ್ಡು?

ಮಾನ್ಯರೇ,

ಅಮೆರಿಕದಲ್ಲಿ ಸಣ್ಣ ಶಾಲಾ ಜಿಲ್ಲೆಗಳನ್ನು ಕೂಡಿಸಿ ಹಣ ಉಳಿಸಿದ್ದಾರೆ, ಮೂಡಿಗೆರೆ, ಸಕಲೇಶಪುರದ ಹತ್ತು-ಹನ್ನೆರಡು ಮಕ್ಕಳ ಶಾಲೆಗಳನ್ನೂ ಮುಚ್ಚಿ ಹೋಬಳಿಗೊಂದು ದೊಡ್ಡ ಶಾಲೆ ಏಕೆ ಮಾಡಬಾರದು ಎಂದು ಕೇಳಿದ್ದೀರಿ. ಕೇಳಲೇಬೇಕಾದ ಪ್ರಶ್ನೆ. ಆದರೆ ಅಲ್ಲಿ ಶಾಲೆಗಳ ಜೊತೆಗೆ ಆಡಳಿತವನ್ನೂ ಕೂಡಿಸಿದರು. ಅಲ್ಲಿನ ಒಂದೊಂದು ಶಾಲಾ ಜಿಲ್ಲೆಗೂ ಪ್ರತ್ಯೇಕ ಮಂಡಳಿ, ಪ್ರತ್ಯೇಕ ಮುಖ್ಯಾಧಿಕಾರಿ, ಪ್ರತ್ಯೇಕ ಬಜೆಟ್. 1939-40ರಲ್ಲಿ 1,17,000ಕ್ಕೂ ಹೆಚ್ಚಿದ್ದ ಅವು ಈಗ ಹದಿಮೂರು ಸಾವಿರದ ಆಸುಪಾಸಿಗೆ ಇಳಿದಿವೆ. 500ಕ್ಕಿಂತ ಕಡಿಮೆ ಮಕ್ಕಳಿರುವ ಜಿಲ್ಲೆ 2,000ದಿಂದ 4,000 ಮಕ್ಕಳ ಗಾತ್ರಕ್ಕೆ ಬೆಳೆದರೆ ಪಾಠ ಮತ್ತು ಆಡಳಿತದ ಖರ್ಚಿನಲ್ಲಿ ಒಳ್ಳೆಯ ಉಳಿತಾಯ ಸಾಧ್ಯವೆಂದು ಸಂಶೋಧಕರಾದ ಆಂಡ್ರ್ಯೂಸ್, ಡಂಕೊಂಬ್ ಮತ್ತು ಯಿಂಗರ್ 2002ರಲ್ಲಿ ಬರೆದರು. ಕೂಡಿಸಿದ ಮೇಲೆ ಕಟ್ಟಡ ಮೊದಲಾದವಕ್ಕೆ ಸುರಿಯುವ ಹಣ ಆ ಉಳಿತಾಯದ ದೊಡ್ಡ ಪಾಲನ್ನೇ ತಿನ್ನುತ್ತದೆ ಎಂಬುದೂ ಡಂಕೊಂಬ್, ಯಿಂಗರ್ ಅವರದೇ 2007ರ ಅಧ್ಯಯನದಲ್ಲಿದೆ.

ಆಡಳಿತದ ಆ ಉಳಿತಾಯ ನಮ್ಮಲ್ಲಿ ಯಾವತ್ತೋ ಆಗಿಹೋಗಿದೆ. ಎಂಟು ತಾಲ್ಲೂಕುಗಳ ಹಾಸನ ಜಿಲ್ಲೆಗೆಲ್ಲ ಶಾಲಾ ಆಡಳಿತ ನೋಡುವ ಉಪನಿರ್ದೇಶಕರು ಒಬ್ಬರೇ. ಮೇಷ್ಟರ ಸಂಬಳ ರಾಜ್ಯದ ಖಜಾನೆಯದು. ಶಾಲೆ ಮುಚ್ಚಿದರೆ ಇನ್ನು ಉಳಿಯುವುದು ಮುಖ್ಯವಾಗಿ ಆ ಸಂಬಳ. ಅದು ಸಣ್ಣ ಮೊತ್ತವೇನಲ್ಲ, ಒಪ್ಪುತ್ತೇನೆ. ಅರವತ್ತು ಮಕ್ಕಳವರೆಗೆ ಇಬ್ಬರು ಶಿಕ್ಷಕರು ಇರಬೇಕು ಎನ್ನುತ್ತದೆ ಶಿಕ್ಷಣ ಹಕ್ಕು ಕಾಯ್ದೆ. ಹತ್ತೇ ಮಕ್ಕಳಿದ್ದರೆ ತಲಾ ಖರ್ಚು ಏರಲೇಬೇಕು.

ಆದರೆ ಖರ್ಚು ಎಲ್ಲೂ ಮಾಯವಾಗುವುದಿಲ್ಲ, ಜೇಬು ಬದಲಾಗುತ್ತದೆ. ಕಾಫಿ ತೋಟದ ಕೂಲಿಕಾರರ ಲೈನ್ ಮನೆಯಲ್ಲಿರುವ ತಾಯಿಯನ್ನು ನೆನೆಯಿರಿ. ಜುಲೈ ತಿಂಗಳ ಮಳೆ, ತುಂಬಿದ ಹಳ್ಳ. ಆಲೂರು, ಸಕಲೇಶಪುರದ ಕಡೆ ಆನೆ ಎಲ್ಲಿದೆಯೆಂದು ವಿಚಾರಿಸಿಕೊಂಡೇ ಬೆಳಿಗ್ಗೆ ಹೊರಬೀಳಬೇಕು. ಒಂದನೇ ತರಗತಿಯ ಮಗುವನ್ನು ನಾಲ್ಕೈದು ಕಿಲೋಮೀಟರ್ ನಡೆಸಿಕೊಂಡು ಹೋಗಿ ಬರುವಷ್ಟರಲ್ಲಿ ತೋಟದ ಹಾಜರಿ ತಪ್ಪುತ್ತದೆ, ಅವತ್ತಿನ ಕೂಲಿಯೂ ಹೋಗುತ್ತದೆ. ಆಟೋಗೆ ಕೊಡುವಷ್ಟು ಕೂಲಿ ಅವಳಿಗಿಲ್ಲ. ಕೊನೆಗೆ ತಮ್ಮನನ್ನು ನೋಡಿಕೊಳ್ಳಲೆಂದು ಅಕ್ಕನೂ ಮನೆಯಲ್ಲೇ ಉಳಿಯುತ್ತಾಳೆ. ಇದು ಯಾವ ಇಲಾಖೆಯ ಲೆಕ್ಕಪುಸ್ತಕದಲ್ಲೂ ಬರುವುದಿಲ್ಲ. ನನ್ನನ್ನು ಕಾಡುವುದು ಇದೇ.

ಹಾಗೆಂದು ಎಲ್ಲ ವಿಲೀನಕ್ಕೂ ನನ್ನ ವಿರೋಧವಿಲ್ಲ. ಕಡೂರು, ಅರಸೀಕೆರೆಯ ಬಯಲಿನಲ್ಲಿ ಒಂದೇ ಊರೊಳಗೆ ಎರಡು ಶಾಲೆ ಇದ್ದರೆ ಕೂಡಿಸಲಿ, ಮಕ್ಕಳಿಗೆ ಜೊತೆಗಾರರೂ ಸಿಗುತ್ತಾರೆ. ಮಲೆನಾಡಿನ ಮಾತು ಬೇರೆ. ಕಿರಿಯ ಪ್ರಾಥಮಿಕ ಶಾಲೆ ಒಂದು ಕಿಲೋಮೀಟರ್ ಒಳಗಿರಬೇಕು, ಆಗದ ಕಡೆ ಉಚಿತ ಸಾರಿಗೆಯಂಥ ವ್ಯವಸ್ಥೆ ಬೇಕು ಎಂಬುದು ಕೇಂದ್ರದ ಮಾದರಿ ನಿಯಮದಲ್ಲೇ ಇದೆ. ನಿಮ್ಮೂರಿಗೆ ವಿಲೀನದ ಪ್ರಸ್ತಾಪ ಬಂದರೆ ಶಾಲಾಭಿವೃದ್ಧಿ ಸಮಿತಿ (ಎಸ್‌ಡಿಎಂಸಿ) ಸಭೆಗೆ ದಯವಿಟ್ಟು ಹೋಗಿ. ವಾಹನ ಯಾವುದು, ಮಳೆಗಾಲದಲ್ಲಿ ಯಾವ ದಾರಿ, ಡ್ರೈವರ್ ಸಂಬಳ ಯಾರು ಕೊಡುತ್ತಾರೆ ಎಂದು ಕೇಳಿ, ಉತ್ತರವನ್ನು ನಡಾವಳಿ ಪುಸ್ತಕದಲ್ಲಿ ಬರೆಸಿ.

- ಸಂಪಾದಕ